ಅರವತ್ತು ದಿನ ಕರೆಯಬಾರದು

ನಮ್ಮ ಮನೆಯಲ್ಲಿ ಅಮ್ಮನನ್ನು ದಿನಕ್ಕೆ ಎಷ್ಟು ಸಲ ಕರೆಯುತ್ತಾರೆ ಎಂದು ನಾನೊಮ್ಮೆ ಎಣಿಸಿದೆ. ಎಣಿಸಬೇಕೆಂದು ಕೂತವಳಲ್ಲ. ಮಾರ್ಚ್ ತಿಂಗಳ ಒಂದು ಭಾನುವಾರ ಸರ್ಕಾರಿ ಕೆಲಸದ ಪರೀಕ್ಷೆಗೆ ಓದೋಣವೆಂದು ಜಗಲಿಯಲ್ಲಿ ಪುಸ್ತಕ ಬಿಡಿಸಿದ್ದೆ. ಪುಸ್ತಕದೊಳಗಿನದು ತಲೆಗೆ ಹತ್ತದೆ ಮನೆಯೊಳಗಿನದೇ ಕೇಳಿಸುತ್ತಿತ್ತು. ಕರೆದಾಗಲೆಲ್ಲ ಪುಟದ ಅಂಚಿನಲ್ಲಿ ಒಂದೊಂದು ಗೀಟು ಹಾಕಿದೆ. ಮಧ್ಯಾಹ್ನದ ಮುದ್ದೆ ತಟ್ಟೆಗೆ ಬೀಳುವ ಹೊತ್ತಿಗೆ ಅರವತ್ತೊಂದು ಗೀಟಾಗಿದ್ದವು.

ತಾತ ದೊಡ್ಡವೆಂಕಟಪ್ಪ ಸ್ನಾನದ ನೀರಿಗೆ "ಅಮ್ಮಯ್ಯಾ" ಎಂದು ಕರೆಯುತ್ತಾನೆ. ಅಜ್ಜಿ ಮುನಿಗಂಗಮ್ಮ ಎಲೆ ಅಡಿಕೆ ಡಬ್ಬಿ ಕೈಗೆಟುಕುವಷ್ಟು ದೂರದಲ್ಲೇ ಇದ್ದರೂ "ಲೇ ಇಂದ್ರಾಣೀ" ಎನ್ನುತ್ತಾಳೆ. ಅಪ್ಪ ವೇಣು ಟವಲ್ಲಿಗೆ, ಚಪ್ಪಲಿಗೆ, ಫೋನ್ ಎಲ್ಲಿಟ್ಟೆನೋ ಎಂಬುದಕ್ಕೆ "ಇಂದ್ರಾ" ಎನ್ನುತ್ತಾನೆ. ಅರವತ್ತೊಂದರಲ್ಲಿ ಹದಿನಾಲ್ಕು ನನ್ನವೇ. ಡಿಗ್ರಿ ಮುಗಿಸಿ ಎರಡು ವರ್ಷವಾದ ಮೇಲೂ ಜೀರಿಗೆ ಎಲ್ಲಿದೆ ಎಂದು ಅಮ್ಮನನ್ನೇ ಕೇಳುತ್ತಿದ್ದೆ.

ಇದರ ಮೇಲೆ ಅಮ್ಮನಿಗೆ ಎರಡು ಹಸು, ಗೌರಿ ಮತ್ತು ಪುಟ್ಟಿ. ಬೆಳಿಗ್ಗೆ ಐದಕ್ಕೊಮ್ಮೆ, ಸಂಜೆ ಐದಕ್ಕೊಮ್ಮೆ ಹಾಲು ಕರೆದು ಡೈರಿಗೆ ಹಾಕಬೇಕು. ನಡುವೆ ಊರ ಶಾಲೆಗೆ ಹೋಗಿ ನೂರಿಪ್ಪತ್ತು ಮಕ್ಕಳಿಗೆ ಬಿಸಿಯೂಟ ಬೇಯಿಸಬೇಕು. ಅಪ್ಪ ಬೆಳಿಗ್ಗೆ ಬಸ್ಸಿಗೆ ಉರಿಗಾಂ ಕಡೆಗೆ ಮನೆಗಳಿಗೆ ಬಣ್ಣ ಹೊಡೆಯಲು ಹೋದರೆ ಸಂಜೆ ಬಂದು "ಸುಸ್ತು" ಎಂದು ಮಂಚದ ಮೇಲೆ ಬೀಳುತ್ತಾನೆ. ಅಮ್ಮ ಬಾಯಿಬಿಟ್ಟು ಸುಸ್ತು ಅಂದವಳಲ್ಲ. ಅವಳ ಕೈ ನಿಲ್ಲುತ್ತಿರಲಿಲ್ಲವಾದ್ದರಿಂದ ನಮಗೂ ಅನುಮಾನ ಬರಲಿಲ್ಲ.

ಆದರೆ ಒಂದು ದಿನ ಹುರುಳಿಕಾಳು ಸಾರಿಗೆ ಕಾಫಿಪುಡಿ ಬಿತ್ತು. ತಾತ ಎರಡು ಸಲ ಹಾಕಿಸಿಕೊಂಡು ಉಂಡು, "ಇವತ್ತು ಯಾಕೋ ನಿದ್ದೇನೇ ಬರ್ತಿಲ್ಲ" ಅಂದ. ಇನ್ನೊಂದು ದಿನ ಡೈರಿಗೆ ಹಾಲಿನ ಕ್ಯಾನಿನ ಬದಲು ಕಲಗಚ್ಚಿನ ಕ್ಯಾನು ಹೋಯಿತು. ಅಲ್ಲಿ ಮುಚ್ಚಳ ತೆಗೆದವರು ಏನೂ ಅನ್ನದೆ ಮತ್ತೆ ಮುಚ್ಚಿದರಂತೆ. ಅಪ್ಪ ಅದನ್ನು ಒಂದು ವಾರ ಹೇಳಿಕೊಂಡು ನಕ್ಕ.

ಏಪ್ರಿಲ್‌ನಲ್ಲಿ ಶಾಲೆಗೆ ಬೇಸಿಗೆ ರಜೆ ಬಂತು. ರಜೆ ಬಂದ ದಿನವೇ ಅಜ್ಜಿ ಶುರುಮಾಡಿದಳು.

"ಎಂಗೂ ರಜಾ ಅಲ್ವಾ, ಸಂಡಿಗೆ ಇಟ್ಬಿಡು. ಎಂಗೂ ರಜಾ ಅಲ್ವಾ, ಉಣಸೆಅಣ್ಣು ಬೀಜ ತೆಗೆದ್ಬಿಡು. ಎಂಗೂ ರಜಾ..."

ಸಂಡಿಗೆಗೆ ಸಬ್ಬಕ್ಕಿ ತರಲು ಬಂಗಾರಪೇಟೆಗೆ ಹೋದ ಅಮ್ಮ ಎರಡು ಗಂಟೆ ತಡವಾಗಿ ಬರಿಗೈಯಲ್ಲಿ ಬಂದಳು.

"ಸಬ್ಬಕ್ಕಿ ಎಲ್ಲೇ?" ಅಜ್ಜಿ ಕೇಳಿದಳು.

"ಮರ್ತೋಯ್ತು."

"ಮತ್ತೆ ಇಷ್ಟೊತ್ತು?"

"ಬಸ್ ಸ್ಟ್ಯಾಂಡಲ್ಲಿ ಕೂತಿದ್ದೆ."

"ಬಸ್ ಇರ್ಲಿಲ್ವಾ?" ಅಂದ ಅಪ್ಪ.

"ಇತ್ತು. ಮೂರು ಬಂತು, ಮೂರು ಓಯ್ತು. ಏನಕ್ಕೆ ಬಂದೆ ಅಂತಾನೇ ಗ್ಯಾಪಕ ಬರ್ಲಿಲ್ಲ. ಬರೋಗಂಟ ಕೂತಿರಣ ಅಂತ ಕೂತೆ. ಒಂದು ಪ್ಲೇಟು ಪಾನಿಪುರಿ ತಿಂದೆ." ಅಮ್ಮ ಚೀಲವನ್ನು ಮೊಳೆಗೆ ತಗುಲಿಸಿದಳು. "ಎರಡು ಗಂಟೆ ಯಾರೂ ನನ್ನ ಕರೀಲಿಲ್ಲ ಕಣ್ರೀ."

ಆ ಕೊನೆಯ ಮಾತನ್ನು ಅವಳು, ಯಾರೋ ಹೊಸ ಸೀರೆ ಕೊಟ್ಟರು ಎಂಬಂತೆ ಹೇಳಿದಳು. ಅಪ್ಪನಿಗೆ ಕೇಳಿಸಿದ್ದು ಪಾನಿಪುರಿ ಮಾತ್ರ.

"ಒಬ್ಳೇ ತಿಂದ್ಯಾ?"

ಮಾರನೆಯ ದಿನ ದನದ ಡಾಕ್ಟರು ಬಂದರು. ಕಲ್ಪನ ಎಂದು ಅವರ ಹೆಸರು. ಬಂಗಾರಪೇಟೆಯಿಂದ ಸ್ಕೂಟರಿನಲ್ಲಿ ಬರುತ್ತಾರೆ, ನನಗಿಂತ ನಾಲ್ಕೈದು ವರ್ಷ ದೊಡ್ಡವರು. ಗೌರಿ ಏಳು ತಿಂಗಳ ಗಬ್ಬ. ಕೆಚ್ಚಲಿಗೆ ಮದ್ದು ಏರಿಸಿ ಕೈ ತೊಳೆದುಕೊಂಡು ಹೇಳಿದರು.

"ಇವತ್ತಿಂದ ಎರಡು ತಿಂಗಳು ಇದಕ್ಕೆ ಪೂರ್ತಿ ರಜಾ. ಹಾಲು ಬತ್ತಿಸ್ಬೇಕು. ಕೆಚ್ಚಲಿಗೆ ವಿಶ್ರಾಂತಿ ಕೊಡದೆ ಕರೀತಾನೇ ಇದ್ರೆ ಮುಂದೆ ಹಾಲೂ ಇಲ್ಲ, ಹಸುನೂ ಉಳಿಯಲ್ಲ."

"ಮನೆ ಕಾಫಿಗೆ ಒಂದ್ ಲೋಟ?" ಅಪ್ಪ ಕೇಳಿದ.

"ಒಂದ್ ಲೋಟ ಅಂತ ಕರೆದ್ರೂ ಅಷ್ಟೇ, ಮತ್ತೆ ಮೊದಲಿಂದ ಬತ್ತಿಸ್ಬೇಕು. ಬಿಟ್ಟುಬಿಡಿ ಅದನ್ನ. ನೆರಳಲ್ಲಿ ಸುಮ್ನೆ ಮೆಲುಕು ಹಾಕ್ಲಿ."

"ಪಾಪ, ಬಾಯಿಲ್ಲದ ಜೀವ," ಎಂದು ಅಜ್ಜಿ ಗೌರಿಯ ಬೆನ್ನು ಸವರಿದಳು. "ಎಷ್ಟು ದಣ್ದೈತೋ. ವೇಣು, ಒಂಗೆ ಮರದ ಕೆಳಕ್ಕೆ ಕಟ್ಲಾ. ತಂಪಾಗಿರ್ಲಿ."

ಅಪ್ಪ ಗೌರಿಯನ್ನು ಹೊಂಗೆ ಮರದಡಿಗೆ ಕರೆದೊಯ್ದ. ತಾತ ನೆಲ ಗುಡಿಸಿ ಒಣಹುಲ್ಲು ಹಾಸಿದ. ಅಮ್ಮ ಹಗ್ಗ ಹಿಡಿದ ಕೈಯನ್ನು ಹಾಗೇ ಚಾಚಿಕೊಂಡು, ಹಗ್ಗ ಹೋಗಿದ್ದರೂ, ನಿಂತೇ ಇದ್ದಳು. ಡಾಕ್ಟರು ಹೊರಡುವಾಗ ಚೀಟಿ ಬರೆದು ಅವಳ ಕೈಗೆ ಕೊಟ್ಟರು. ಡೈರಿಯ ಪುಸ್ತಕ ಅಮ್ಮನ ಹೆಸರಿನಲ್ಲಿರುವುದರಿಂದ ನಮ್ಮ ಹಸುಗಳ ಚೀಟಿಗಳೆಲ್ಲ ಅವಳ ಹೆಸರಿಗೇ ಬರುತ್ತವೆ. ಅಮ್ಮ ಏಳನೆಯ ಕ್ಲಾಸಿನವರೆಗೆ ಓದಿದವಳು. ಚೀಟಿಯನ್ನು ನಿಧಾನವಾಗಿ, ತುಟಿ ಅಲ್ಲಾಡಿಸುತ್ತಾ ಓದಿದಳು. ಇನ್ನೊಮ್ಮೆ ಓದಿದಳು. ಆಮೇಲೆ, ಎಷ್ಟೋ ದಿನಗಳಲ್ಲಿ ಮೊದಲ ಸಲ, ನಕ್ಕಳು.

ಬೆಳಿಗ್ಗೆ ಎದ್ದು ನೋಡಿದರೆ ಚೀಟಿ ಅಡುಗೆಮನೆಯ ಬಾಗಿಲಿಗೆ ಅನ್ನದ ಅಗುಳಿನಲ್ಲಿ ಅಂಟಿಕೊಂಡಿತ್ತು.

"ಹೆಸರು: ಇಂದ್ರಾಣಿ. ಏಳು ತಿಂಗಳು. ಅರವತ್ತು ದಿನ ಯಾವ ಕಾರಣಕ್ಕೂ ಕರೆಯಬಾರದು. ನೆರಳಿನಲ್ಲಿ ಇರಿಸಿ. ಬೇಕಾದಷ್ಟು ನೀರು ಕೊಡಿ. ನಡುವೆ ಒಮ್ಮೆ ಕರೆದರೂ ಮತ್ತೆ ಮೊದಲಿನಿಂದ."

ಒಲೆ ಹೊತ್ತಿರಲಿಲ್ಲ. ಅಮ್ಮ ಹೊಂಗೆ ಮರದಡಿಯಲ್ಲಿ ಗೌರಿಯ ಪಕ್ಕ ಹಗ್ಗದ ಮಂಚ ಹಾಕಿಕೊಂಡು ಕಾಲು ಚಾಚಿ ಕೂತಿದ್ದಳು.

"ಇದೇನೇ ಇದು?" ಅಜ್ಜಿ ಅಂಗಳಕ್ಕೆ ಬಂದು ಸೊಂಟದ ಮೇಲೆ ಕೈಯಿಟ್ಟಳು.

"ಡಾಕ್ಟ್ರು ಬರ್ಕೊಟ್ಟವ್ರೆ ಅತ್ತೆ."

"ಅದು ಅಸೂಗೆ ಕಣೇ!"

"ಅಸು ಅಂತ ಎಲ್ಲೈತೆ? ಎಸ್ರು ಇಂದ್ರಾಣಿ ಅಂತೈತೆ. ನಾನೇ ಅಲ್ವಾ?"

"ಕರೀಬಾರ್ದು ಅಂದ್ರೆ ಆಲು ಕರೀಬಾರ್ದು ಅಂತ!"

"ಆಲು ಅಂತ ಬರೆದಿಲ್ವಲ್ಲ. ಕರೀಬಾರ್ದು ಅಂತ ಬರೆದವ್ರೆ."

ಅಜ್ಜಿ ನನ್ನ ಕಡೆ ತಿರುಗಿದಳು. "ನವ್ಯಾ, ನೀನ್ ಓದ್ದೋಳು, ಯೋಳು. ಕರೀಬಾರ್ದು ಅಂದ್ರೆ ಏನು?"

ನಾಲ್ಕೂ ಜನ ಒಟ್ಟಿಗೆ ನನ್ನನ್ನು ನೋಡಿದರು. "ಎರಡೂ ಆಗುತ್ತೆ ಅಜ್ಜಿ," ಅಂದೆ, ಹೆಬ್ಬೆರಳು ನೋಡಿಕೊಂಡು.

"ಡಿಗ್ರಿ ಮಾಡಿ ಇದೇನಾ ಕಲ್ತಿದ್ದು!"

ಅಷ್ಟರಲ್ಲಿ ಪಕ್ಕದ ಮನೆಯ ಸೆಲ್ವಿ ಮೊಸರಿಗೆ ಹೆಪ್ಪು ಕೇಳಲು ಬಂದಳು. ಉರಿಗಾಂನಿಂದ ನಮ್ಮೂರಿಗೆ ಮದುವೆಯಾಗಿ ಬಂದ ತಮಿಳು ಹೆಂಗಸು. ಬಾಗಿಲ ಮೇಲಿನ ಚೀಟಿಯನ್ನು ಓದಿ ಎದೆ ಮೇಲೆ ಕೈಯಿಟ್ಟುಕೊಂಡಳು.

"ಅಯ್ಯೋ ಕಡವುಳೇ! ಇಂದ್ರಾಣಿ ಅಕ್ಕಾ, ಏಳು ತಿಂಗಳಾ? ಹೊಟ್ಟೆನೇ ಕಾಣ್ತಿಲ್ವೇ!"

ಅಪ್ಪ ಹಲ್ಲುಜ್ಜುತ್ತಿದ್ದವನು ಪೇಸ್ಟ್ ನುಂಗಿದ. ನಾವು ತಿಳಿಹೇಳಿ ಅವಳನ್ನು ಕಳಿಸಿದೆವು. ಆದರೂ ಸಂಜೆಯೊಳಗೆ ಮೂರು ಮನೆಗಳಿಂದ ಹುಳಿ ಮಾವಿನಕಾಯಿ ಬಂತು. ಹಿಂದಕ್ಕೆ ಕೊಡಲು ನಾಚಿಕೆಯಾಗಿ ಅಜ್ಜಿಯೇ ಕೂತು ಉಪ್ಪಿನಕಾಯಿ ಹಾಕಿದಳು.

ಅಂದಿನ ಊಟಕ್ಕೆ ನಾನು ಅನ್ನ ಮಾಡಿದೆ, ತಾತ ಚಿತ್ರಾನ್ನ ಕಲಸಿದ. ಅಪ್ಪ ತಟ್ಟೆ ಮುಂದೆ ಕೂತು ತಾತನ ಹತ್ತಿರ ದೂರು ಹೇಳಿದ.

"ನೀನಾದ್ರೂ ಯೋಳಪ್ಪ. ತಮಾಷೆಗೂ ಒಂದು ಮಿತಿ ಐತೆ."

ತಾತ ಕೋರಮಂಡಲ್ ಚಿನ್ನದ ಗಣಿಯಲ್ಲಿ ಇಪ್ಪತ್ತಾರು ವರ್ಷ ನೆಲದೊಳಗೆ ದುಡಿದವನು. ಯಾವ ಮಾತಿಗೂ ಅಲ್ಲಿಂದಲೇ ಉತ್ತರ ತರುತ್ತಾನೆ.

"ಬಂಡೆಗೆ ಮದ್ದಿಟ್ಟು ಸಿಡಿಸಿದ್ ಮೇಲೆ, ಆ ಒಗೆ ಇಳಿಯೋಗಂಟ ಯಾರೂ ಒಳಕ್ಕೆ ಓಗಂಗಿಲ್ಲ. ಅದು ರೂಲ್ಸು. ಸುಮ್ನೆ ಕೂತಿರೋದೇ ಕೆಲ್ಸ. ಅದಕ್ಕೂ ಕೂಲಿ ಕೊಡ್ತಿದ್ರು ಕಣ್ಲಾ. ನಮ್ ಗ್ಯಾಂಗ್‌ನಾಗೆ ಒಬ್ಬ ಇದ್ದ. ಕೂತ್ಕೊಳ್ಳೋದು ಸೋಂಬೇರಿ ಕೆಲ್ಸ ಅಂತ ಒಳಕ್ಕೆ ಓದ."

"ಓಗಿ?"

"ಎತ್ಕೊಂಬಂದ್ವಿ."

ತಾತ ಬಾಯಿಗೆ ಒಂದು ತುತ್ತಿಟ್ಟು ನಿಧಾನವಾಗಿ ಅಗಿದ.

"ಈ ಮನೇಗೆ ಬಂದಾಗಿಂದ ಇವ್ಳು ಒಗೆ ಒಳ್ಗೇ ಕೆಲ್ಸ ಮಾಡ್ತಾವ್ಳೆ. ಅರವತ್ತು ದಿನ ಅಂದ್ರೆ ಅರವತ್ತು ದಿನ. ಲೆಕ್ಕ ನಾನ್ ಇಡ್ತೀನಿ."

ಕೊಟ್ಟಿಗೆಯ ಬಾಗಿಲಿಗೆ ಅಪ್ಪ ಎಲ್ಲಿಂದಲೋ ಉಳಿದ ಹಸಿರು ಬಣ್ಣ ಬಳಿದಿದ್ದ. ತಾತ ನನ್ನಿಂದ ಸೀಮೆಸುಣ್ಣ ಇಸಿದುಕೊಂಡು ಅದರ ಮೇಲೆ ಎರಡು ಸಾಲು ಮಾಡಿದ. ಮೇಲೆ ಗೌರಿ, ಕೆಳಗೆ ಇಂದ್ರಾಣಿ. ಎರಡಕ್ಕೂ ಒಂದೊಂದು ಗೀಟು ಎಳೆದು, ದೂರ ನಿಂತು ನೋಡಿ, ಸಮಾಧಾನದಿಂದ ಕೈ ಕೊಡವಿ ಬಚ್ಚಲ ಕಡೆ ನಡೆದ.

"ಅಮ್ಮಯ್ಯಾ, ನೀರು ಕಾದೈತಾ?"

ತಾತ ಅಲ್ಲೇ ನಿಂತ. ಆಮೇಲೆ ತಿರುಗಿ ಬಂದು, ಟವಲ್ಲಿನ ತುದಿಗೆ ಎಂಜಲು ಹಚ್ಚಿ ಕೆಳಗಿನ ಗೀಟನ್ನು ಒರೆಸಿದ.

ಹೀಗೆ ಶುರುವಾಯಿತು. ಗೌರಿಯ ಸಾಲು ದಿನಕ್ಕೊಂದರಂತೆ ಬೆಳೆಯಿತು, ಅಮ್ಮನ ಸಾಲು ಹುಟ್ಟಿ ಹುಟ್ಟಿ ಸತ್ತಿತು. ಗೌರಿ ಎಂಟಕ್ಕೆ ಬಂದಾಗ ಅಮ್ಮನದು ಎರಡು. ಅಪ್ಪ ಬಾಯಿಬಿಟ್ಟು ಕರೆಯುವುದಿಲ್ಲವೆಂದು ತಟ್ಟೆ ಬಡಿದ. ತಾತ ಗೀಟು ಒರೆಸಿದ. "ಗಣೀಲಿ ಶಿಫ್ಟ್ ಸೈರನ್ನು, ಅದೇ ಸಂಗು, ಊದಿದ್ರೆ ಬಾ ಅಂತಾನೇ ಅರ್ಥ. ತಟ್ಟೆನೂ ಸಂಗೇ." ಅಪ್ಪ ಒಳಗಿನ ಕೋಣೆಯಿಂದ ಫೋನ್ ಮಾಡಿದ. ಅಮ್ಮ ಎತ್ತಿ "ಹಲೋ, ಯಾರು?" ಅಂದಳು. "ನಾನೇ ಕಣೆ, ನನ್ನ ಬಿಳಿ ಷರ್ಟು..." ತಾತ ಒರೆಸಿದ.

ಅಜ್ಜಿ ಮಾತ್ರ ಹಟಕ್ಕೆ ಬಿದ್ದು ಮೂರು ದಿನ ಬಾಯಿ ಕಟ್ಟಿಕೊಂಡಳು. ನಾಲ್ಕನೆಯ ದಿನ ಹೊಸಿಲು ಎಡವಿ "ಅಮ್ಮಾ!" ಎಂದು ಕೂಗಿದಳು. ಮರದಡಿಯಿಂದ ಅಮ್ಮ "ಓ?" ಅಂದಳು.

"ನಾನ್ ನಿನ್ನ ಕರೀಲಿಲ್ಲ! ನೋವಿಗೆ ಅಂದಿದ್ದು!"

"ಅವ್ಳು ಓ ಅಂದ್ಲಲ್ಲ," ಎಂದು ತಾತ ಸೀಮೆಸುಣ್ಣದ ಕಡೆ ನೋಡಿದ.

"ನಮ್ಮಮ್ಮನ್ನ ಕರ್ದೆ! ಸತ್ತು ಮೂವತ್ತು ವರ್ಷ ಆಯ್ತು, ಅವಳನ್ನ ಕರ್ದೆ!"

ಬಹಳ ಹೊತ್ತು ವಾದವಾಯಿತು. ಕಾಲಿನ ಉಗುರು ಕಿತ್ತು ರಕ್ತ ಬರುತ್ತಿದ್ದುದನ್ನು ನೋಡಿ ತಾತ ಆ ಒಂದು ಸಲ ಬಿಟ್ಟುಕೊಟ್ಟ. ಆದರೆ ಇನ್ನು ಮುಂದೆ ಎಡವಿದರೆ "ಅಪ್ಪಾ" ಅನ್ನಬೇಕು ಎಂದು ತೀರ್ಮಾನವಾಯಿತು.

ಮನೆ ಹೇಗೋ ನಡೆಯುತ್ತಿತ್ತು. ಅಪ್ಪ ತಿರುವಿದ ಮುದ್ದೆಯೊಳಗೆ ಇನ್ನೊಂದು ಪುಟ್ಟ ಮುದ್ದೆ ಹಿಟ್ಟಾಗಿಯೇ ಇರುತ್ತಿತ್ತು. ನನ್ನ ಉಪ್ಪುಸಾರಿಗೆ ಹೆಸರು ಮಾತ್ರ ಸರಿಯಾಗಿತ್ತು. ದೊಡ್ಡ ಕಷ್ಟ ಪುಟ್ಟಿಯದು. ಅದನ್ನಾದರೂ ಕರೆಯಲೇಬೇಕಲ್ಲ, ಅದು ಅಪ್ಪನ ಕೈಗೆ ಹಾಲು ಬಿಡಲಿಲ್ಲ. ಒದ್ದು ಎರಡು ಸಲ ಬಕೆಟ್ ಉರುಳಿಸಿತು. ಕಡೆಗೆ ತಾತ ಉಪಾಯ ಹೇಳಿದ. ಮರುದಿನ ಬೆಳಿಗ್ಗೆ ಅಪ್ಪ ಪ್ಯಾಂಟಿನ ಮೇಲೆ ಅಮ್ಮನ ಹಳೇ ನೀಲಿ ಸೀರೆ ಸುತ್ತಿ, ಸೆರಗು ತಲೆ ಮೇಲೆ ಹೊದ್ದು ಕೊಟ್ಟಿಗೆಗೆ ಹೋದ. ಪುಟ್ಟಿ ಒಂದು ಸಲ ಮೂಸಿ, ಸಂಶಯದಿಂದಲೇ, ಎರಡೂವರೆ ಲೀಟರು ಕೊಟ್ಟಿತು. ಬೇಲಿಯಾಚೆಯಿಂದ ಸೆಲ್ವಿ, "ಅಕ್ಕಾ, ಏನಕ್ಕಾ ಇಷ್ಟು ಎತ್ತರ ಆಗೋಗಿದ್ದೀರಾ?" ಅಂದಾಗ ಅಪ್ಪ ತಿರುಗಿ ನೋಡಿದ. ಅವನ ಮೀಸೆ ನೋಡಿ ಅವಳ ಕೈಲಿದ್ದ ಕೊಡ ಬಿತ್ತು.

ಅಮ್ಮನಿಗೂ ಕೂರುವುದು ಸುಲಭವಿರಲಿಲ್ಲ. ಮೊದಲ ವಾರ ಮಂಚದ ಮೇಲೆ ಕೂತೇ ಅವಳ ಬೆರಳುಗಳು ಹೊದಿಕೆಯ ಕುಚ್ಚನ್ನು ಹಿಡಿದು ಕರೆಯುತ್ತಿದ್ದವು, ಎಡಗೈ ಒಮ್ಮೆ, ಬಲಗೈ ಒಮ್ಮೆ. ಎರಡನೆಯ ವಾರ ಬರೀ ನಿದ್ದೆ ಮಾಡಿದಳು. ಊಟಕ್ಕೆ ಎಬ್ಬಿಸುವಂತಿಲ್ಲ. ತಟ್ಟೆಯನ್ನು ಪಕ್ಕದಲ್ಲಿಟ್ಟು ನಾನು ಕಾಗೆ ಕಾಯುತ್ತಿದ್ದೆ. ಆಮೇಲಾಮೇಲೆ ಎಚ್ಚರವಾಗಿಯೇ ಇದ್ದು, ಏನೂ ಮಾಡದೆ, ಗೌರಿ ಮೆಲುಕು ಹಾಕುವುದನ್ನು ನೋಡುತ್ತಾ ಕೂರತೊಡಗಿದಳು.

ಇದು ಮನೆಯವರನ್ನು ಹೆದರಿಸಿತು.

"ಏನ್ ಯೋಚ್ನೆ ಮಾಡ್ತಾವ್ಳೆ?" ಅಪ್ಪ ನನ್ನ ಹತ್ತಿರ ಪಿಸುಗುಟ್ಟಿದ.

"ಗೊತ್ತಿಲ್ಲಪ್ಪ."

"ಓಗಿ ಕೇಳು."

"ಕೇಳಿದ್ರೆ ಕರೆದಂಗೆ ಆಗುತ್ತೇನೋ."

"ಬೈದ್ರೆ ತಡ್ಕೋಬೋದು," ಅಂದಳು ಅಜ್ಜಿ ಎಲೆಗೆ ಸುಣ್ಣ ಸವರುತ್ತಾ. "ಇಂಗೆ ಸುಮ್ನೆ ಕೂತಿರೋರ್ನ ಎಂಗೆ ತಡ್ಕೊಳ್ಳೋದು?"

ಮೇ ತಿಂಗಳ ಎಂಟನೆಯ ತಾರೀಕು ನಾನೂ ತಪ್ಪು ಮಾಡಿದೆ. ಆಗ ಅಮ್ಮನ ಸಾಲು ಹನ್ನೊಂದಕ್ಕೆ ಬಂದಿತ್ತು, ಅಲ್ಲಿಯವರೆಗೆ ಅದೇ ಹೆಚ್ಚು. ಬಂಗಾರಪೇಟೆಯ ಲೈಬ್ರರಿಯಿಂದ ಬಂದು ಗೇಟು ತೆಗೆದವಳು, ಯೋಚನೆಯೇ ಇಲ್ಲದೆ "ಅಮ್ಮಾ" ಅಂದೆ.

ತಾತ ಜಗಲಿಯಿಂದ ಎದ್ದ. "ಏನ್ ಬೇಕಿತ್ತು?"

"ಏನೂ ಬೇಡ ತಾತ. ಸುಮ್ನೆ. ಮನೆಗೆ ಬಂದೆ ಅಂತ."

ಅಮ್ಮ ನಕ್ಕಳು. "ಇದೊಂದು ಬುಡಿ ಮಾವ. ಇದು ಕೆಲ್ಸಕ್ಕೆ ಕರೆದಿದ್ದಲ್ಲ."

"ರೂಲ್ಸು ರೂಲ್ಸೇ," ಎಂದು ತಾತ ಹನ್ನೊಂದು ಗೀಟುಗಳನ್ನೂ ಒರೆಸಿದ. ಒರೆಸುವಾಗ ನನ್ನ ಮುಖ ನೋಡಲಿಲ್ಲ.

ನಾನು ಮಂಚದ ಅಂಚಿನಲ್ಲಿ ಅಮ್ಮನ ಪಕ್ಕ ಕೂತೆ. ಅವಳು ನನ್ನ ತಲೆಯಲ್ಲಿ ಸಿಕ್ಕಿಕೊಂಡಿದ್ದ ಹೊಂಗೆ ಎಲೆಯನ್ನು ತೆಗೆದಳು.

"ಈ ಮರ ಯಾವಾಗ ಇಷ್ಟ್ ದಪ್ಪ ಆಯ್ತೇ ನವ್ಯಾ? ನಾನ್ ಮದ್ವೆಯಾಗಿ ಬಂದಾಗ ಕೈಯಾಗಿಡಿಯಂಗಿತ್ತು. ಕೈ ನಿಲ್ಲೋಕೇ ನಂಗೆ ಎರಡು ವಾರ ಬೇಕಾಯ್ತು ನೋಡು. ತಲೆ ನಿಲ್ಲೋಕೆ ಇನ್ನೂ ಒಂದು ವಾರ. ಈಗ ಒಂದೊಂದೇ ಕಾಣ್ತೈತೆ."

"ಏನು ಕಾಣುತ್ತೆ?"

"ಯಾವ ಕೆಲ್ಸ ನಂಗಿಷ್ಟ, ಯಾವುದು ಇಷ್ಟ ಇಲ್ಲ ಅಂತ. ಇಷ್ಟ್ ವರ್ಷ ಎಲ್ಲ ಒಂದೇ ಅನ್ಕೊಂಡಿದ್ದೆ. ಬಸ್ ಸ್ಟ್ಯಾಂಡ್‌ನಾಗೆ ಕೂತಾಗ ಎದರ್ಕೆ ಆಗಿತ್ತು ಕಣೇ. ಸಬ್ಬಕ್ಕಿ ಮರ್ತಿದ್ದಕ್ಕಲ್ಲ. ಮನೇಗೆ ಓಗ್ಬೇಕು ಅಂತ ಅನ್ಸಲೇ ಇಲ್ಲ, ಅದಕ್ಕೆ."

ಮಾರನೆಯ ದಿನದಿಂದ ಗೇಟು ತೆಗೆಯುವಾಗ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಒಳಗೆ ಬರುತ್ತಿದ್ದೆ.

ಮೂರು ದಿನಕ್ಕೆ ಜೋರು ಜಗಳವಾಯಿತು. ಅಪ್ಪ ಹಾಲು ಒಲೆಯ ಮೇಲಿಟ್ಟು ಮರೆತು, ಹಾಲೆಲ್ಲ ಉಕ್ಕಿ ಒಲೆ ಆರಿತು. ಅಜ್ಜಿಗೆ ಕಾಫಿ ತಪ್ಪಿತು. ಅವಳು ಅಂಗಳಕ್ಕೆ ಬಂದಳು. ಕರೆಯಲಿಲ್ಲ, ನೇರ ಮಂಚದ ಮುಂದೆ ಬಂದು ನಿಂತಳು.

"ನಾನು ಈ ಮನೇಗೆ ಬಂದಾಗ ಅದಿನಾರು ವರ್ಷ. ನಮ್ಮತ್ತೆ ರಾಗಿ ಬೀಸಿಸ್ತಿದ್ಲು. ನಿಮ್ಮ ಮಾವ ಗಣಿಯಿಂದ ಮೂರು ಶಿಫ್ಟಿಗೆ ಮೂರೊತ್ತು ಬರ್ತಿದ್ರು, ಮೂರೊತ್ತೂ ಬಿಸಿ ಊಟ ಬಡಿಸ್ಬೇಕು. ನಂಗ್ಯಾವ ಡಾಕ್ಟ್ರು ಚೀಟಿ ಬರ್ಕೊಟ್ರೇ? ನಂಗ್ಯಾರು ರಜಾ ಕೊಟ್ರು?"

ಅಮ್ಮ ಅಜ್ಜಿಯ ಮುಖವನ್ನೇ ನೋಡುತ್ತಾ ಇದ್ದಳು. ಬಯ್ಯಲಿಲ್ಲ.

"ನೀವು ಕೇಳಿದ್ರಾ ಅತ್ತೆ?"

ಅಜ್ಜಿ ತಿರುಗಿ ಒಳಗೆ ಹೋಗಿ, ಅವತ್ತು ಮಧ್ಯಾಹ್ನ ಎರಡು ಸಲ ಎಲೆ ಅಡಿಕೆ ಹಾಕಿಕೊಂಡಳು. ಎರಡು ಸಲವೂ ಡಬ್ಬಿಯನ್ನು ತಾನೇ ತೆಗೆದುಕೊಂಡಳು.

ಆಮೇಲೆ ಯಾಕೋ ಮನೆ ಪಳಗಿತು. ಅಪ್ಪನ ಮುದ್ದೆಯೊಳಗಿನ ಮುದ್ದೆ ಕರಗಿತು. ಟವಲ್ಲಿಗೆ ಒಂದು ಮೊಳೆ ಹೊಡೆದುಕೊಂಡ. ಜೀರಿಗೆ ಮೆಣಸಿನ ಡಬ್ಬಿಯ ಹಿಂದೆ ಇರುತ್ತದೆಂದು ನನಗೆ ತಿಳಿಯಿತು. ತಾತ ನೀರೊಲೆಗೆ ತಾನೇ ಸೌದೆ ಹಾಕಿ, ಕಾಯುವವರೆಗೆ ಅದರ ಮುಂದೆ ಕುಕ್ಕರಗಾಲಲ್ಲಿ ಕೂತು, "ಇದೂ ಒಂಥರಾ ಚೆನ್ನಾಗೈತೆ" ಅಂದ. ಅಮ್ಮನ ಸಾಲು ಹತ್ತು ದಾಟಿತು, ಹದಿನೈದು ದಾಟಿತು.

ಶಾಲೆ ತೆರೆಯಲು ಎರಡು ದಿನ ಇರುವಾಗ, ಡಾಕ್ಟರು ಹೇಳಿದ್ದಕ್ಕಿಂತ ಎರಡು ವಾರ ಮುಂಚೆಯೇ ಗೌರಿಗೆ ನೋವು ಬಂತು. ಕೊಟ್ಟಿಗೆಯಲ್ಲಿ ಕಟ್ಟಿದೆವು. ಬೆಳಿಗ್ಗೆ ಎಂಟು ಗಂಟೆಗೆ ಹೆಣ್ಣು ಕರು ಹಾಕಿತು. ಕರು ಎದ್ದು ನಿಂತಿತು, ಆದರೆ ಗೌರಿ ಅದನ್ನು ಹತ್ತಿರ ಸೇರಿಸಲಿಲ್ಲ. ಕೆಚ್ಚಲು ಕಲ್ಲಾಗಿತ್ತು. ಮುಟ್ಟಿದರೆ ಒದೆಯುತ್ತಿತ್ತು. ಅಪ್ಪ ಓಡಿಹೋಗಿ ನೀಲಿ ಸೀರೆ ಸುತ್ತಿಕೊಂಡು ಬಂದ. ಗೌರಿ ಪುಟ್ಟಿಯಂತಲ್ಲ. ಒಂದೇ ಸಲ ನೋಡಿ, ಸೀರೆಗೂ ಬಕೆಟ್ಟಿಗೂ ಸೇರಿಸಿ ಒದ್ದಿತು. ಅಪ್ಪ ಸೆಗಣಿಯ ಮೇಲೆ ಕೂತ.

"ಡಾಕ್ಟ್ರಮ್ಮಂಗೆ ಫೋನ್ ಮಾಡೇ ನವ್ಯಾ!"

"ಮಾಡಿದೆ ಅಪ್ಪ, ಕಾಮಸಮುದ್ರದಲ್ಲಿದ್ದಾರಂತೆ. ಒಂದು ಗಂಟೆ ಆಗುತ್ತೆ ಅಂದ್ರು. ಅಷ್ಟರೊಳಗೆ ಕರುಗೆ ಗಿಣ್ಣು ಹಾಲು ಹೋಗ್ಲೇಬೇಕಂತೆ."

ಅಮ್ಮ ಇಪ್ಪತ್ತು ಹೆಜ್ಜೆಯಾಚೆ ಮಂಚದ ಮೇಲೆ ಕೂತು ನೋಡುತ್ತಿದ್ದಳು. ನಾವು ನಾಲ್ಕೂ ಜನ ಅವಳನ್ನು ನೋಡದೆ ನಿಂತಿದ್ದೆವು. ತಾತ ರೈಲು ನಿಲ್ಲಿಸುವವನಂತೆ ಎರಡೂ ಕೈ ಎತ್ತಿದ್ದ.

"ಯಾರೂ ಕರೀಬ್ಯಾಡ್ರಿ! ಅತ್ತೊಂಬತ್ತು ಆಗೈತೆ! ಯಾರೂ ಬಾಯಿ ಬಿಡಬ್ಯಾಡ್ರಿ!"

ಅಜ್ಜಿ ಸೆರಗನ್ನು ಮುದ್ದೆ ಮಾಡಿ ಬಾಯೊಳಗೆ ತುರುಕಿಕೊಂಡಳು. ಅಪ್ಪ ಆಕಾಶ ನೋಡಿಕೊಂಡು, ಯಾರಿಗೂ ಅಲ್ಲವೆಂಬಂತೆ, "ಇಂತಾ ಟೈಮಲ್ಲಿ ಗೊತ್ತಿರೋರು ಯಾರಾದ್ರೂ..." ಅಂದ.

"ಅದೂ ಕರೆದಂಗೇ ಕಣ್ಲಾ!"

ಆಗ ಕರು ಕತ್ತು ಚಾಚಿ, "ಅಂಬಾ" ಎಂದಿತು.

ಎಲ್ಲರೂ ತಾತನ ಕಡೆ ತಿರುಗಿದೆವು. ತಾತ ಯೋಚಿಸಿದ.

"ಅದು ಅದರಮ್ಮನ್ನ ಕರೆದಿದ್ದು. ಲೆಕ್ಕಕ್ಕಿಲ್ಲ."

ಅಮ್ಮ ಎದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ನಿಧಾನವಾಗಿ ಬಂದು ಅಪ್ಪನನ್ನು ಪಕ್ಕಕ್ಕೆ ಸರಿಸಿ, ಗೌರಿಯ ಹಣೆಯ ಮೇಲೆ ಅಂಗೈ ಇಟ್ಟು ಒಂದು ನಿಮಿಷ ಸುಮ್ಮನೆ ನಿಂತಳು. ಬಿಸಿನೀರು ಬೇಕು ಎಂದು ಅವಳು ಹೇಳುವ ಮೊದಲೇ ತಾತ ನೀರೊಲೆಯಿಂದ ತಂದಿದ್ದ. ಬಟ್ಟೆ ಅದ್ದಿ ಕೆಚ್ಚಲಿಗೆ ಒತ್ತಿದಳು. ಮೊದಲ ಧಾರೆ ಹಳದಿಯಾಗಿ, ಜೇನಿನಂತೆ ಮಂದವಾಗಿ ಬಂತು. ಗೌರಿ ಕಾಲು ಸಡಿಲ ಬಿಟ್ಟಿತು. ಅಮ್ಮ ಕರುವಿನ ಮೂತಿಯನ್ನು ಮೊಲೆಗೆ ಹಚ್ಚಿದಳು.

"ನನ್ನ ಯಾರೂ ಕರೀಲಿಲ್ಲ," ಅಂದಳು ತಾತನ ಕಡೆ ನೋಡಿ. "ನಾನಾಗೇ ಬಂದೆ."

"ನಾನೂ ನೋಡ್ದೆ," ಎಂದ ತಾತ. ಹೋಗಿ ಅಮ್ಮನ ಸಾಲಿಗೆ ಇಪ್ಪತ್ತನೆಯ ಗೀಟು ಎಳೆದ.

ಮಧ್ಯಾಹ್ನ ಗಿಣ್ಣು ಬೇಯಿಸಿ ಬೆಲ್ಲ ಏಲಕ್ಕಿ ಹಾಕಿಕೊಂಡು ತಿನ್ನುತ್ತಾ ಕೂತಾಗ ಅಮ್ಮ ತಾನಾಗಿ ಮಾತು ತೆಗೆದಳು.

"ಬೆಳಗ್ಗೆ ಆಲು ನಾನೇ ಕರೀತೀನಿ. ಆ ಒತ್ತಲ್ಲಿ ತಣ್ಣಗಿರ್ತೈತೆ, ಅಸು ಮೈ ಬೆಚ್ಚಗಿರ್ತೈತೆ, ಅದು ನಂಗಿಷ್ಟ. ಸಾಯಂಕಾಲದ್ದು ನಂಗಿಷ್ಟ ಇಲ್ಲ. ಅದು ನೀವು."

"ಸೀರೆ ಉಟ್ಕೊಂಡಾ?" ಅಪ್ಪ ಕೇಳಿದ.

"ಅದು ನಿಮ್ದೂ ಪುಟ್ಟೀದೂ ವ್ಯವಾರ. ಶಾಲೆ ಅಡ್ಗೆ ಬಿಡಲ್ಲ, ಆ ಮಕ್ಳು ಚೆನ್ನಾಗ್ ತಿಂತವೆ. ವಾರಕ್ಕೊಂದಿನ ಬಂಗಾರಪೇಟೆಗೆ ಓಗ್ತೀನಿ."

"ಏನ್ ತರಾಕೆ?"

"ಏನೂ ಇಲ್ಲ. ಬಸ್ ಸ್ಟ್ಯಾಂಡಲ್ಲಿ ಕೂತಿದ್ದು ಬರ್ತೀನಿ. ನಿಮಗೂ ಒಂದು ಪ್ಲೇಟು ಕಟ್ಟಿಸ್ಕೊಂಬತ್ತೀನಿ ಬುಡಿ."

ಅಜ್ಜಿ ಏನಾದರೂ ಅನ್ನುತ್ತಾಳೆಂದು ಕಾದೆವು. ಅವಳು ತಟ್ಟೆಯ ಗಿಣ್ಣನ್ನು ಬೆರಳಿನಿಂದ ಒರೆಸಿ ತಿಂದು ಎದ್ದುಹೋದಳು.

ಮಾರನೆಯ ಬೆಳಿಗ್ಗೆ ಹಾಲು ಕರೆದು ಬಂದ ಅಮ್ಮ ಕೊಟ್ಟಿಗೆಯ ಬಾಗಿಲ ಮುಂದೆ ನಿಂತುಬಿಟ್ಟಳು. ನಾನೂ ಹೋಗಿ ನೋಡಿದೆ. ಎರಡು ಸಾಲುಗಳ ಕೆಳಗೆ, ಗಿಡ್ಡ ಮನುಷ್ಯರ ಕೈ ಎಟುಕುವ ಎತ್ತರದಲ್ಲಿ, ಮೂರನೆಯದೊಂದು ಶುರುವಾಗಿತ್ತು. ಹೆಸರಿರಲಿಲ್ಲ. ಬರೆಯಲು ಬಾರದವರು ಎಳೆದ ಒಂದೇ ಒಂದು ಸೊಟ್ಟ ಗೀಟು.

ಹೊಂಗೆ ಮರದಡಿಯ ಮಂಚದ ಮೇಲೆ ಅಜ್ಜಿ ಕಾಲು ಚಾಚಿ ಮಲಗಿದ್ದಳು. ಎಲೆ ಅಡಿಕೆ ಡಬ್ಬಿ ಹೊಟ್ಟೆಯ ಮೇಲಿತ್ತು. ಕಣ್ಣು ಮುಚ್ಚಿದ್ದವು, ನಿದ್ದೆ ಬಂದಿರಲಿಲ್ಲ ಎಂಬುದು ರೆಪ್ಪೆಯಿಂದಲೇ ಗೊತ್ತಾಗುತ್ತಿತ್ತು.

"ಅತ್..." ಎಂದು ಬಾಯಿ ತೆರೆದ ಅಮ್ಮ ಅಷ್ಟಕ್ಕೇ ಮುಚ್ಚಿಕೊಂಡಳು.

ಅಪ್ಪ ಕಾಫಿ ಲೋಟ ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದವನು ಕೊಟ್ಟಿಗೆಯ ಬಾಗಿಲ ಮೇಲಿನ ಗೀಟು ನೋಡಿದ, ಮಂಚ ನೋಡಿದ, ದನಿ ತಗ್ಗಿಸಿದ.

"ಕಾಫಿ ಕೊಡ್ಲಾ ಅಂತ ಈಗ ಎಂಗೆ ಕೇಳೋದು?"

"ಕೇಳ್ಬ್ಯಾಡಿ," ಅಂದಳು ಅಮ್ಮ. "ಪಕ್ಕದಾಗೆ ಇಟ್ಟು ಬನ್ನಿ."